ಎಂಟು ಕೂಗಿನ ಕಷಾಯ

ಐದನೆಯ ಕೂಗಿಗೆ ಆಶಿತಾ ಎರಡೂ ಕಿವಿ ಮುಚ್ಚಿಕೊಂಡಳು.

"ಕೈ ತೆಗಿ," ಅಂದಳು ಹರಿಣಾಕ್ಷಿ. "ಅವತ್ತು ಎಣಿಸಿದ್ದು ಯಾರು?"

"ನಾನೇ, ಮೇಡಂ."

"ಇವತ್ತೂ ನೀನೇ. ಬಾಯಿಬಿಟ್ಟು ಎಣಿಸ್ಬೇಕು."

ಕುಕ್ಕರ್ ಮತ್ತೆ ಕೂಗಿತು. ಆಶಿತಾ "ಆರು" ಅಂದಳು. ಆ ಎರಡಕ್ಷರ ಹೇಳುವಷ್ಟರಲ್ಲಿ ಅವಳ ಕೆಳತುಟಿ ನಡುಗಿಹೋಯಿತು. ಹರಿಣಾಕ್ಷಿ ಅದನ್ನು ಕಂಡರೂ ಕಾಣದವಳ ಹಾಗೆ ಒಲೆಯ ಉರಿ ಸ್ವಲ್ಪ ತಗ್ಗಿಸಿದಳು.

ಒಂಬತ್ತು ದಿನಗಳ ಹಿಂದೆ, ಮಸ್ಕತ್ತಿನ ರೂವಿ ಬಡಾವಣೆಯ ಇದೇ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಆಶಿತಾ ಕುದಿಸಿಟ್ಟ ಚೀನೀ ಕಷಾಯ ಕುಡಿದ ಅವಳ ಮಾವ ದೊರೆಸ್ವಾಮಿ ಎರಡು ಗಂಟೆಯೊಳಗೆ ಸತ್ತಿದ್ದರು. ಮೊದಲು ತುಟಿ ಜುಮ್ಮೆನ್ನುತ್ತಿದೆ ಅಂದರು. ಆಮೇಲೆ ನಾಲಿಗೆ ತನ್ನದಲ್ಲ ಅನ್ನಿಸುತ್ತಿದೆ ಅಂದರು. ಆಂಬ್ಯುಲೆನ್ಸ್ ಬರುವ ಹೊತ್ತಿಗೆ ಏನನ್ನೂ ಅನ್ನುವ ಸ್ಥಿತಿಯಲ್ಲಿರಲಿಲ್ಲ.

ಕಷಾಯದ ಪೊಟ್ಟಣಗಳನ್ನು ತಂದವನು ಮಗ ತೇಜಸ್ವಿ. ಒಮಾನಿನ ಬಂದರು ಪಟ್ಟಣ ದುಕ್ಮ್‌ನಲ್ಲಿ ಇಂಜಿನಿಯರ್ ಆಗಿದ್ದ ಅವನಿಗೆ ಚೀನೀ ಸಹೋದ್ಯೋಗಿಯೊಬ್ಬ, ಮಂಡಿನೋವಿಗೆ ಇದನ್ನು ಮೀರಿಸಿದ ಮದ್ದಿಲ್ಲ ಎಂದು ಕೊಡಿಸಿದ್ದ. ಪೊಟ್ಟಣದೊಳಗಿನ ಚೀಟಿಯನ್ನು ಫೋನಿಗೆ ತೋರಿಸಿ ಅನುವಾದ ಮಾಡಿಸಿ, ಮನೆಯವರೆಲ್ಲರ ಎದುರು ತೇಜಸ್ವಿ ಗಟ್ಟಿಯಾಗಿ ಓದಿದ್ದ: ಕಪ್ಪು ಬೇರಿನ ಬಿಲ್ಲೆಗಳನ್ನು ಎರಡು ಗಂಟೆ ಕುದಿಸಬೇಕು, ಹಸಿಯಾಗಿ ಬಾಯಿಗೆ ಹಾಕಬಾರದು.

ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಹೊರಡುವ ಹೆಣ್ಣಿಗೆ ಎರಡು ಗಂಟೆ ಎಲ್ಲಿಂದ ಬರಬೇಕು? ತೊಗರಿಬೇಳೆಗೆ ಮೂರು ಕೂಗು, ಕಡಲೆಕಾಳಿಗೆ ಆರು, ಚೀನಾದ ಬೇರಿಗೆ ಎಂಟಿರಲಿ ಎಂದು ಆಶಿತಾ ಅದನ್ನೂ ಕುಕ್ಕರಿಗೆ ಹಾಕಿದಳು. ಕುಕ್ಕರಿನ ಮೇಲೆ ಅಷ್ಟು ಭರವಸೆ ನಮ್ಮವರಿಗೆ. ಈಗ ಪೊಲೀಸರಿಂದ ಹಿಡಿದು ಕೆಳಮಹಡಿಯ ಟೈಲರ್‌ವರೆಗೆ ಎಲ್ಲರದೂ ಒಂದೇ ಮಾತು: ಬೇರು ಅರೆಬೆಂದಿತ್ತು, ಸೊಸೆಯ ಸೋಮಾರಿತನ ಮಾವನನ್ನು ಕೊಂದಿತು.

ಆಶಿತಾಳೂ ಅದನ್ನೇ ನಂಬಿದ್ದಳು. ಭಾನುವಾರ ಪ್ರಾಸಿಕ್ಯೂಷನ್ ಕಚೇರಿಗೆ ಹೋಗಿ ತಪ್ಪೆಲ್ಲ ನನ್ನದೇ ಎಂದು ಸಹಿ ಹಾಕಲು ತಯಾರಾಗಿ ಕೂತಿದ್ದಳು. ಸಹಿ ಬಿದ್ದರೆ ಜೈಲು. ಎಂಟು ವರ್ಷದ ಮಗಳು ಮಾನ್ಯಾ ಶಾಶ್ವತವಾಗಿ ಗಂಡನ ಪಾಲು. ಆ ಸಹಿ ಬೀಳದಂತೆ ಏನಾದರೂ ಹುಡುಕು ಎಂದು ವಕೀಲೆ ಲೈಲಾ ಕಳಿಸಿದವಳೇ ಹರಿಣಾಕ್ಷಿ.

ಇಪ್ಪತ್ತೆರಡು ವರ್ಷ ಮಸ್ಕತ್ತಿನ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿ ಮಾತ್ರೆ ಎಣಿಸಿದವಳು, ಐವತ್ತರ ಮೇಲೆ ವಕೀಲರ ಪರವಾಗಿ ಸುಳ್ಳು ಎಣಿಸುವ ಕೆಲಸಕ್ಕೆ ಇಳಿದಿದ್ದಳು. ಉಡುಪಿ ಕಡೆಯವಳು, ಮಾತು ಖಾರ. ಕರುಣೆ ಇರಲಿಲ್ಲವೆಂದಲ್ಲ. ಕೆಲಸಕ್ಕೆ ಬಂದಾಗ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಿದ್ದಳು, ಅಷ್ಟೇ.

"ಏಳು," ಅಂದಳು ಆಶಿತಾ.

"ಇನ್ನೂ ಎಷ್ಟು ಜನರನ್ನ ಕೊಲ್ಲಬೇಕು ಅಂತಿದ್ದಾಳೆ ಕೇಳಿ," ಎಂದಿತು ಅಡುಗೆಮನೆಯ ಬಾಗಿಲಿನ ಕಡೆಯಿಂದ ಒಂದು ದನಿ.

ಸರಸ್ವತಮ್ಮ. ಸತ್ತವರ ಹೆಂಡತಿ, ಆಶಿತಾಳ ಅತ್ತೆ. ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಿದ್ದರು. ಒಂಬತ್ತು ದಿನದಿಂದ ಸೊಸೆಯ ಕೈಯ ನೀರನ್ನೂ ಮುಟ್ಟಿರಲಿಲ್ಲ. ಅವಳ ತಟ್ಟೆ ಲೋಟ ಬೇರೆ ಇಡಿಸಿದ್ದರು. ಊಟಕ್ಕೆ ಕೂತಾಗಲೆಲ್ಲ, "ನನ್ನ ತಟ್ಟೆಗೆ ಏನು ಬೆರೆಸಿದ್ದಾಳೋ" ಎಂದು ಗೋಡೆಗೆ ಹೇಳುತ್ತಿದ್ದರು. ಗಂಡನ ಹೆಣ ಇನ್ನೂ ಪೊಲೀಸರ ಶವಾಗಾರದಲ್ಲಿತ್ತು, ಸಂಸ್ಕಾರ ಆಗಿರಲಿಲ್ಲ. ಮೈಲಿಗೆ ಕಳೆಯುವ ತನಕ ಯಾರೂ ಮುಟ್ಟಕೂಡದು ಎಂದು ಹಾಲ್‌ನ ಮೂಲೆಯ ದೇವರ ಗೂಡಿಗೆ ತಾವೇ ಬಿಳಿ ಪಂಚೆ ಇಳಿಬಿಟ್ಟಿದ್ದರು.

ಎಂಟನೆಯ ಕೂಗು. ಆಶಿತಾ ಮುಖ ಗೋಡೆಗೆ ತಿರುಗಿಸಿದಳು. ಹರಿಣಾಕ್ಷಿಯೇ ಒಲೆ ಆರಿಸಿದಳು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು.

ಖಾಸಗಿ ಲ್ಯಾಬಿನ ಕೆಮಿಸ್ಟ್ ಸುಪ್ರೀತಾ. "ಹರಿಣಕ್ಕ, ನಾಲ್ಕೂ ಸ್ಯಾಂಪಲ್ ಆಯ್ತು."

"ಹೇಳು. ಫೋನ್ ಸ್ಪೀಕರಲ್ಲಿ ಉಂಟು, ಎಲ್ಲರೂ ಕೇಳ್ತಾರೆ."

"ದುಕ್ಮ್‌ನಿಂದ ಹೊಸದಾಗಿ ತರಿಸಿದ ಪೊಟ್ಟಣ ನೀವು ಮೂರು ರೀತಿ ಕುದಿಸಿ ಕೊಟ್ಟಿರಲ್ಲ. ಬರೀ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಕುದಿಸಿದ್ದು ವಿಷವೇ. ಎರಡು ಗಂಟೆಯದ್ದು ತೊಂದರೆ ಇಲ್ಲ. ಕುಕ್ಕರಿನದ್ದು ಆ ಎರಡು ಗಂಟೆಯದ್ದಕ್ಕಿಂತಲೂ ಕ್ಲೀನ್."

ಆಶಿತಾ ಒಲೆಯ ಕಟ್ಟೆ ಹಿಡಿದುಕೊಂಡಳು.

"ಸತ್ತವರ ಲೋಟದ್ದು?" ಹರಿಣಾಕ್ಷಿ ಕೇಳಿದಳು. ದೊರೆಸ್ವಾಮಿಯ ಬೆಳ್ಳಿ ಲೋಟ ಕೈಯಿಂದ ಜಾರಿ ಮಂಚದ ಕೆಳಗೆ ಉರುಳಿತ್ತು. ತಳದ ಗಸಿಯಲ್ಲಿ ಅರ್ಧ ಪೊಲೀಸರಿಗೆ ಹೋಗಿ, ಅರ್ಧ ಲೈಲಾಳ ಅರ್ಜಿಯ ಮೇಲೆ ಸುಪ್ರೀತಾಳ ಕೈ ಸೇರಿತ್ತು.

"ಅದೇ ವಿಚಿತ್ರ. ಬೆಂದು ಸತ್ತ ವಿಷವೂ ಉಂಟು, ಬೇಯದ ವಿಷವೂ ಉಂಟು. ಎರಡೂ ಬೇಕಾದಷ್ಟು. ಅರೆಬೆಂದದ್ದಲ್ಲ ಇದು, ಅಕ್ಕ. ಪೂರ್ತಿ ಬೆಂದ ಅನ್ನದ ಮೇಲೆ ಯಾರೋ ಒಂದು ಹಿಡಿ ಹಸಿ ಅಕ್ಕಿ ಚೆಲ್ಲಿದ ಹಾಗೆ. ಇನ್ನೊಂದು ವಿಷಯ ಮೆಸೇಜ್ ಹಾಕಿದ್ದೇನೆ. ಅದನ್ನು ನೀವೊಬ್ಬರೇ ನೋಡಿ."

ಹರಿಣಾಕ್ಷಿ ಮೆಸೇಜ್ ಓದಿದಳು. ಓದಿ, ಫೋನನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ.

"ಆ ಇಂಗ್ಲಿಷು ಗಿಂಗ್ಲಿಷು ನಮಗೆ ಅರ್ಥ ಆಗಲ್ಲ," ಅಂದರು ಸರಸ್ವತಮ್ಮ. ಸುಪ್ರೀತಾ ಆಡಿದ್ದು ಬಹುಪಾಲು ಕನ್ನಡವನ್ನೇ.

"ಕನ್ನಡದಲ್ಲೇ ಹೇಳ್ತೇನೆ, ಕೂತ್ಕೊಳ್ಳಿ." ಹರಿಣಾಕ್ಷಿ ಪೊಟ್ಟಣದಿಂದ ಒಂದು ಕಪ್ಪು ಬಿಲ್ಲೆ ತೆಗೆದು ಅಂಗೈಮೇಲಿಟ್ಟಳು. "ನಮ್ಮ ನಾಟಿ ವೈದ್ಯರು ವತ್ಸನಾಭಿ ಅಂತಾರಲ್ಲ, ಅದರ ಒಡಹುಟ್ಟು ಇದು. ಇದರ ವಿಷದ ಒಂದೊಂದು ಕಣಕ್ಕೂ ಎರಡು ಬಾಲ. ಬಾಲ ಇದ್ದಷ್ಟು ಹೊತ್ತು ಅದು ನರದ ಬಾಗಿಲಿಗೆ ಹೋಗಿ ಸಿಕ್ಕಿಹಾಕಿಕೊಳ್ತದೆ, ಬಾಗಿಲು ಮುಚ್ಚಲಿಕ್ಕೇ ಬಿಡುವುದಿಲ್ಲ. ಮೊದಲು ತುಟಿ ಜುಮ್ಮೆನ್ನುವುದು ಅದಕ್ಕೇ. ಅದೇ ಕೆಲಸ ಹೃದಯದಲ್ಲಿ ಮಾಡಿದರೆ ಬಡಿತದ ತಾಳ ತಪ್ಪಿತು, ಖಲಾಸ್."

"ಮತ್ತೆ ಔಷಧ ಹೇಗಾಗತ್ತೆ ಅದು?" ಆಶಿತಾ ಕೇಳಿದಳು. ಒಂಬತ್ತು ದಿನದಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

"ಕುದಿಯುವ ನೀರು ಬಾಲ ಕತ್ತರಿಸ್ತದೆ. ಒಂದು ಬಾಲ ಹೋದರೆ ವಿಷ ನೂರಾರು ಪಾಲು ಇಳೀತದೆ. ನೋವು ತಗ್ಗಿಸುವ ಗುಣ ಅಷ್ಟಿಷ್ಟು ಉಳೀತದೆ. ಪೊಟ್ಟಣದಲ್ಲಿ ಜೇಷ್ಠಮಧು ಬೇರೆ ಉಂಟು, ಅದು ಅಳಿದುಳಿದ ವಿಷವನ್ನು ಹಿಡಿದು ಗಸಿಗೆ ಇಳಿಸ್ತದೆ. ಚೀನಾದ ವೈದ್ಯರಿಗೆ ಬಾಲ ಗೀಲ ಗೊತ್ತಿರಲಿಲ್ಲ. ಎರಡು ಗಂಟೆ ಕುದಿಸಿದರೆ ರೋಗಿ ಸಾಯುವುದಿಲ್ಲ, ಜೇಷ್ಠಮಧು ಜೊತೆಗಿದ್ದರೆ ಒಳ್ಳೆಯದು, ಇಷ್ಟು ಗೊತ್ತಿತ್ತು. ಎಷ್ಟು ಜನ ಸತ್ತ ಮೇಲೆ ಗೊತ್ತಾಯ್ತೋ ದೇವರಿಗೇ ಗೊತ್ತು."

ಬಿಲ್ಲೆಯನ್ನು ಪೊಟ್ಟಣಕ್ಕೆ ಹಾಕಿದಳು.

"ಈಗ ಕೇಳು, ಮಾರಾಯ್ತಿ. ಬರೀ ಪಾತ್ರೆಯಲ್ಲಿ ನೀರು ನೂರು ಡಿಗ್ರಿಗಿಂತ ಮೇಲೆ ಕಾಯುವುದಿಲ್ಲ. ನಿನ್ನ ಕುಕ್ಕರಿನಲ್ಲಿ ನೂರಿಪ್ಪತ್ತರ ಹತ್ತಿರ ಹೋಗ್ತದೆ. ಕತ್ತರಿ ಹರಿತವಾದ ಹಾಗೆ ಲೆಕ್ಕ. ಎಂಟು ಕೂಗು, ಆಮೇಲೆ ಆವಿ ಇಳಿಯುವ ತನಕ ಒಳಗೇ ಬೆಂದದ್ದು. ನೀನು ಕೊಟ್ಟ ಕಷಾಯ ಚೀಟಿಯಲ್ಲಿ ಬರೆದದ್ದಕ್ಕಿಂತ ಸಾಧುವಾಗಿತ್ತು. ನಿನ್ನ ಕುಕ್ಕರ್ ಯಾರನ್ನೂ ಕೊಲ್ಲಲಿಲ್ಲ."

ಆಶಿತಾ ಅಳಲಿಲ್ಲ. ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ತೇಜಸ್ವಿ ದಿನಾ ಬೆಳಿಗ್ಗೆ ಅವಳಿಗೆ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದ, ಕುಕ್ಕರಿನ ಕೂಗನ್ನು ಎಲ್ಲಿಂದಲೋ ರೆಕಾರ್ಡ್ ಮಾಡಿದ್ದು, ಬೇರೆ ಮಾತಿಲ್ಲ. ಎಂಟು ಸಲ ಕೂಗಿ ನಿಲ್ಲುತ್ತಿತ್ತು. ಅದನ್ನು ಅಳಿಸುವ ಧೈರ್ಯವೂ ಆಗದೆ ಎಲ್ಲವನ್ನೂ ಇಟ್ಟುಕೊಂಡಿದ್ದಳು.

ಹರಿಣಾಕ್ಷಿಗೆ ಅವಳನ್ನು ಎಬ್ಬಿಸಿ ಕೂರಿಸಬೇಕು ಅನ್ನಿಸಿತು. ಎಬ್ಬಿಸಲಿಲ್ಲ. ಈಗ ಕಣ್ಣಿಡಬೇಕಾದದ್ದು ಬೇರೆಯವರ ಮೇಲೆ.

ಕುಕ್ಕರಿನ ಆವಿ ಇಳಿದಿತ್ತು. ಮುಚ್ಚಳ ತೆಗೆದು, ಕಷಾಯವನ್ನು ಲೋಟಕ್ಕೆ ಸೋಸಿ, ಆರಿಸಿ ಒಂದು ಗುಟುಕು ಕುಡಿದಳು. ಸರಸ್ವತಮ್ಮನ ಕಣ್ಣು ಲೋಟದ ಮೇಲಿತ್ತು. ಆ ಕಣ್ಣಿನಲ್ಲಿ ಒಂದಿಷ್ಟೂ ಹೆದರಿಕೆ ಇರಲಿಲ್ಲ. ಕೊಲ್ಲುವ ಕಷಾಯ ಎಂದು ಒಂಬತ್ತು ದಿನ ಬಾಯಿ ಬಡಿದುಕೊಂಡವರು, ಎದುರಿಗೊಬ್ಬಳು ಅದನ್ನೇ ಕುಡಿಯುವಾಗ ತಡೆಯುವುದು ಬೇಡವೇ? ಹರಿಣಾಕ್ಷಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

"ಥೂ, ಕಹಿ. ಜೇನು ಉಂಟಾ, ಅಮ್ಮ?"

"ಇಲ್ಲ. ಮುಗಿದುಹೋಗಿದೆ," ಅಂದರು ಸರಸ್ವತಮ್ಮ. ಸ್ವಲ್ಪ ಬೇಗ ಬಂತು ಉತ್ತರ.

"ದೊರೆಸ್ವಾಮಿಯವರು ಹೇಗೆ ಕುಡೀತಿದ್ದರು ಮತ್ತೆ?"

"ಅವರಿಗೆ ಜೇನು ಬೆರೆಸಿ ಕೊಡ್ತಿದ್ದೆ. ಇವಳು ಬೆಳಿಗ್ಗೆ ಫ್ಲಾಸ್ಕಿಗೆ ಹಾಕಿಟ್ಟು ಹೋಗೋಳು. ಸಾಯಂಕಾಲ ಲೋಟಕ್ಕೆ ಬಗ್ಗಿಸಿ, ಬೆರಳು ಅದ್ದಿ ನೋಡಿ, ಆರಿದ ಮೇಲೆ ಜೇನು. ಬಿಸಿಗೆ ಜೇನು ಹಾಕಬಾರದು, ವಿಷ ಆಗತ್ತೆ. ಅಷ್ಟೂ ತಿಳಿಯದೆ ಇರ್ತೀನಾ?"

"ನಿಮಗೆ ತಿಳಿಯದೆ ಇರ್ತದಾ. ನಂಜನಗೂಡಿನಲ್ಲಿ ನಿಮ್ಮ ತಂದೆಯವರದ್ದು ನಾಟಿ ಔಷಧದ ಅಂಗಡಿ ಇತ್ತಂತಲ್ಲ."

ಸರಸ್ವತಮ್ಮ ಸೆರಗು ಸರಿಮಾಡಿಕೊಂಡರು. "ಯಾವ ಕಾಲದ್ದೋ ಮಾತು."

"ಪೊಟ್ಟಣಗಳನ್ನು ಮೊರದಲ್ಲಿ ಆಯ್ದು ಕೊಡ್ತಿದ್ದವರೂ ನೀವೇ."

"ಕಲ್ಲು ಮಣ್ಣು ಇರತ್ತೆ. ಆಯದೆ ಕುದಿಸಕ್ಕೆ ಆಗತ್ತಾ?"

"ಇಲ್ಲಿ ಉಳಿದ ಐದು ಪೊಟ್ಟಣ ಬಿಚ್ಚಿ ನೋಡಿದೆ. ಅಂಗಡಿಯಿಂದ ಬರುವಾಗ ಪಿನ್ ಹೊಡೆದಿರ್ತದೆ, ಇವು ನೂಲಿನಲ್ಲಿ ಕಟ್ಟಿದ್ದವು, ಹೂ ಕಟ್ಟುವ ಗಂಟು. ಹೊಸ ಪೊಟ್ಟಣದಲ್ಲಿ ಕಪ್ಪು ಬಿಲ್ಲೆ ಆರಾರು. ಇವುಗಳಲ್ಲಿ ಎರಡೆರಡು. ಮಂಡಿನೋವಿನ ಬಿಲ್ಲೆ ನಿಮಗೆ ಕಲ್ಲಿನ ಹಾಗೆ ಕಂಡಿತಾ?"

"ಅಂಗಡಿಯವನು ಮೋಸ ಮಾಡಿರ್ತಾನೆ. ನನ್ನ ಮಗ ತಂದದ್ದು, ಅವನನ್ನೇ ಕೇಳಿ."

ಎಷ್ಟು ಸಲೀಸಾಗಿ ಮಗನ ಹೆಸರು ಬಂತು ಬಾಯಲ್ಲಿ. ಹರಿಣಾಕ್ಷಿ ಮನಸ್ಸಿನಲ್ಲೇ ಶಹಬ್ಬಾಸ್ ಅಂದಳು. ಆದರೆ ಮುದುಕಿಯ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪೊಟ್ಟಣ ತಂದವನು ತೇಜಸ್ವಿಯೇ, ಅವನೂ ಬಿಲ್ಲೆ ಕದ್ದಿರಬಹುದು. ಗಂಟು, ಬಿಲ್ಲೆ, ಅಂಗಡಿ ಎಲ್ಲ ಸೇರಿಸಿದರೂ ಭಾನುವಾರದೊಳಗೆ ಪ್ರಾಸಿಕ್ಯೂಟರ್ ಮುಂದೆ ನಿಲ್ಲುವ ಸಾಕ್ಷಿ ಅಲ್ಲ.

ಸುಪ್ರೀತಾಳ ಮೆಸೇಜಿನಲ್ಲಿ ಇದ್ದದ್ದು ಎರಡೇ ಸಾಲು. ಲೋಟದ ಗಸಿಯಲ್ಲಿ ಜೇನು ಉಂಟು. ಹಸಿ ಬೇರಿನ ಪುಡಿ ಜೇನಿನಲ್ಲಿ ನೆನೆದ ಸ್ಥಿತಿಯ‌ಲ್ಲೇ ಸಿಕ್ಕಿದೆ.

ವಿಷ ಹೋದದ್ದು ಜೇನಿನಲ್ಲಿ. ಇದು ಈಗ ಇಬ್ಬರಿಗೆ ಗೊತ್ತು, ಲ್ಯಾಬಿನ ಸುಪ್ರೀತಾಳಿಗೆ ಮತ್ತು ತನಗೆ. ಮೂರನೆಯವರು ಯಾರಿಗಾದರೂ ಗೊತ್ತಿದ್ದರೆ, ಅವರೇ ಬೆರೆಸಿದವರು.

ಹರಿಣಾಕ್ಷಿ ಆಶಿತಾಳ ಕಡೆ ತಿರುಗಿದಳು. "ಮಾನ್ಯಾ ಎಲ್ಲಿದ್ದಾಳೆ?"

"ಸಲಾಲಾದಲ್ಲಿ, ಇಲ್ಲಿಂದ ಸಾವಿರ ಕಿಲೋಮೀಟರ್. ನನ್ನ ಗಂಡನ ಫ್ರೆಂಡ್ ಮನೇಲಿ." ಆಶಿತಾ ಕೂತಲ್ಲಿಂದಲೇ ಹೇಳಿದಳು. "ಮಂಗಳವಾರ ಬಂದು ಕರ್ಕೊಂಡು ಹೋದ್ರು. ಕೊಲೆಗಾತಿ ಹತ್ರ ಮಗಳನ್ನ ಬಿಡಲ್ಲ ಅಂದ್ರು. ಬ್ಯಾಗ್ ತುಂಬಿಸಿಕೊಡೋಕೆ ಮಾತ್ರ ಬಿಟ್ರು. ಅಲ್ಲಿ ಬರೀ ಜಿಟಿಜಿಟಿ ಮಳೆಯಂತೆ, ಅವಳಿಗೆ ಇಲ್ಲೇ ಕೆಮ್ಮು ಶುರುವಾಗಿತ್ತು. ಫೋನ್ ಮಾಡಿದ್ರೆ ಅವಳ ಕೈಗೆ ಕೊಡಲ್ಲ."

ಹರಿಣಾಕ್ಷಿಗೆ ಆ ಕ್ಷಣದಲ್ಲಿ ಹೊಳೆದ ಉಪಾಯ ನೀಚವಾದದ್ದು. ಅದು ನೀಚ ಎಂದು ಅವಳಿಗೂ ಗೊತ್ತಿತ್ತು. ಆದರೂ ಒಳಗೊಳಗೇ ಖುಷಿಯಾಯಿತು, ಅದನ್ನೂ ಇಲ್ಲವೆನ್ನುವಂತಿಲ್ಲ.

ಫೋನ್ ತೆಗೆದು ತೇಜಸ್ವಿಯ ನಂಬರ್ ಒತ್ತಿದಳು. ಸ್ಪೀಕರ್ ಹಾಕಿ, ಒಲೆಯ ಕಟ್ಟೆಯ ಮೇಲೆ ಇಟ್ಟಳು.

"ಏನು ಮೇಡಂ? ಭಾನುವಾರ ಸಹಿ ಹಾಕ್ತಾಳೋ ಇಲ್ವೋ, ಅಷ್ಟು ಹೇಳಿ ಸಾಕು." ತೇಜಸ್ವಿಯ ದನಿಯ ಹಿಂದೆ ಮಗುವೊಂದು ಕೆಮ್ಮುತ್ತಿತ್ತು. ಆಶಿತಾ ಧಡಕ್ಕನೆ ಎದ್ದು ನಿಂತಳು.

"ಅದಕ್ಕಲ್ಲ ತೇಜಸ್ವಿ. ಮಗುವಿನ ಕೆಮ್ಮು ಇಲ್ಲಿಗೂ ಕೇಳ್ತದಲ್ಲ. ಅವಳ ಬ್ಯಾಗಿನಲ್ಲಿ ಜೇನು ಉಂಟು, ಈ ಮನೆಯದ್ದೇ. ಎರಡು ಚಮಚ ಕುಡಿಸಿ, ಕೆಮ್ಮು ಇಳೀತದೆ."

ಬ್ಯಾಗಿನಲ್ಲಿ ಜೇನಿಲ್ಲ. ಬ್ಯಾಗನ್ನು ಹರಿಣಾಕ್ಷಿ ಕಣ್ಣಿನಲ್ಲೂ ಕಂಡವಳಲ್ಲ. ಒಂದು ಸುಳ್ಳು, ಮೂರು ಜನ. ಈ ಮನೆಯ ಜೇನು ಎಂದ ಕೂಡಲೇ ಯಾರ ಎದೆ ಧಸಕ್ಕೆನ್ನುತ್ತದೆ ನೋಡೋಣ.

"ಮೇಡಂ, ಅದು..." ಎಂದಳು ಆಶಿತಾ.

ಹರಿಣಾಕ್ಷಿ ಅವಳ ಕಡೆ ನೋಡದೆಯೇ ಕೈ ಎತ್ತಿ ಸುಮ್ಮನಾಗಿಸಿದಳು. ಜೇನೆಲ್ಲಿಂದ ಬಂತು ಎಂದು ಕೇಳಿ ಆಟ ಕೆಡಿಸುತ್ತಾಳೆ ಈ ಹುಡುಗಿ.

"ಹೌದಾ? ನನಗೆ ಯಾರೂ ಹೇಳ್ಲಿಲ್ಲ," ಅಂದ ತೇಜಸ್ವಿ. ದನಿಯಲ್ಲಿ ಒಂದು ಎಳೆಯಷ್ಟೂ ಅಳುಕಿಲ್ಲ. "ನೋಡ್ತೀನಿ. ಲೈನಲ್ಲಿರಿ, ಸಹಿ ವಿಷಯ ಮಾತಾಡೋದಿದೆ." ಫೋನನ್ನು ಎಲ್ಲೋ ಇಟ್ಟ ಸದ್ದು. ದೂರ ಹೋಗುವ ಹೆಜ್ಜೆ.

ಮಗ ಅಲ್ಲ ಹಾಗಾದರೆ. ಹೆಂಡತಿಗೆ ಕುಕ್ಕರಿನ ಕೂಗು ಕಳಿಸುವ ಪಾಪಿ ಹೌದು, ಅಪ್ಪನನ್ನು ಕೊಂದವನಲ್ಲ. ಹರಿಣಾಕ್ಷಿ ಫೋನಿನ ಮೈಕ್ ಬಂದ್ ಮಾಡಿ, ತಲೆ ಎತ್ತಿ ಸರಸ್ವತಮ್ಮನನ್ನು ನೋಡಿದಳು.

ಮುದುಕಿಯ ಮುಖದಲ್ಲಿ ರಕ್ತ ಇರಲಿಲ್ಲ.

"ಕೊಡಬೇಡ ಅನ್ನು," ಅಂದರು ಸರಸ್ವತಮ್ಮ. ಕುರ್ಚಿಯಿಂದ ಏಳಲು ಹೋದರು, ಆಗಲಿಲ್ಲ. "ತೇಜೂಗೆ ಹೇಳು. ಕೊಡಬೇಡ ಅನ್ನು."

"ಎಂತಕ್ಕೆ? ಜೇನಲ್ಲವಾ?"

"ಹೇಳೇ ಮೊದಲು. ನಿನ್ನ ಕಾಲಿಗೆ ಬೀಳ್ತೀನಿ."

"ಮೈಕ್ ಬಂದ್ ಮಾಡಿದ್ದೇನೆ, ಇಲ್ಲಿ ಎಷ್ಟು ಕೂಗಿದರೂ ಅವನಿಗೆ ಕೇಳುವುದಿಲ್ಲ." ಹರಿಣಾಕ್ಷಿ ಫೋನನ್ನು ಎತ್ತಿ ಎದೆಗೆ ಒತ್ತಿಕೊಂಡಳು. "ಎಂತಕ್ಕೆ ಕೊಡಬಾರದು, ಅಷ್ಟು ಹೇಳಿ. ಆಮೇಲೆ ನಾನು ಹೇಳ್ತೇನೆ ಅವನಿಗೆ."

ಸರಸ್ವತಮ್ಮ ಫೋನಿಗೆ ಕೈ ಹಾಕಿದರು. ಹರಿಣಾಕ್ಷಿ ಒಂದು ಹೆಜ್ಜೆ ಹಿಂದೆ ಸರಿದಳು. ಎಪ್ಪತ್ತರ ಹತ್ತಿರದ ಹೆಂಗಸು ಕುರ್ಚಿಯಿಂದ ಜಾರಿ, ಮೊಣಕಾಲೂರಿ, ಅಡುಗೆಮನೆಯ ನೆಲದ ಮೇಲೆ ತೆವಳಿಕೊಂಡು ಬಂದರು. ಹರಿಣಾಕ್ಷಿ ಇನ್ನೂ ಒಂದು ಹೆಜ್ಜೆ ಹಿಂದೆ ಹೋದಳು. ಅವಳಿಗೆ ಅವಸರವಿರಲಿಲ್ಲ.

"ನಾನೇ ಹಾಕಿದ್ದು," ಅಂದರು ಸರಸ್ವತಮ್ಮ. "ಬಿಲ್ಲೆ ಕುಟ್ಟಿ ಪುಡಿ ಮಾಡಿ ಜೇನಿಗೆ ಹಾಕಿದ್ದು ನಾನೇ. ಆಯ್ತಾ? ಈಗ ಹೇಳು ಅವನಿಗೆ."

"ಎಂತಕ್ಕೆ?"

"ಮಗು ಸಾಯತ್ತೆ ಕಣೇ."

"ಎಂತಕ್ಕೆ ಹಾಕಿದಿರಿ, ಅದನ್ನು ಕೇಳಿದ್ದು."

ಆಶಿತಾ ಮತ್ತೆ ಏನೋ ಹೇಳಲು ಬಂದಳು. "ಸುಮ್ಮನಿರು, ನಿನ್ನ ಜೀವ ಉಳಿಸ್ತಾ ಇದ್ದೇನೆ," ಎಂದು ಗದರಿದಳು ಹರಿಣಾಕ್ಷಿ. ಆಶಿತಾಳ ಬಾಯಿ ತೆರೆದೇ ಉಳಿಯಿತು. ಅವಳ ಕಣ್ಣು ಅತ್ತೆಯಿಂದ ಹಾಲ್‌ನ ಮೂಲೆಗೆ, ಅಲ್ಲಿಂದ ಫೋನಿಗೆ ಓಡುತ್ತಿತ್ತು.

ಸರಸ್ವತಮ್ಮ ಒಂದೇ ಉಸಿರಿಗೆ ಹೇಳಿದರು. "ನಲವತ್ತೊಂದು ವರ್ಷ ಬೇಯಿಸಿ ಹಾಕಿದೀನಿ. ದಿನಾ ಮೊದಲನೇ ತುತ್ತು ತಟ್ಟೆ ಅಂಚಿಗೆ ಉಗೀತಿದ್ರು. ಉಪ್ಪು ಜಾಸ್ತಿಯಾದ್ರೂ ಉಗೀತಿದ್ರು, ಸರಿಯಾಗಿದ್ರೂ ಉಗೀತಿದ್ರು. ಅದನ್ನ ನಾನು ಬರಿಗೈಲಿ ಬಳೀಬೇಕು, ನೆಂಟರ ಮುಂದೂ. ಇಲ್ಲಿ ಬಂದು ಇವಳ ಕೈಯಿಂದ ಬೇರು ಬೇಯಿಸಿದ ನೀರು ಕುಡಿದು, ಕೈಗುಣ ಅಂದ್ರೆ ಇದು ನೋಡು ಸರಸು ಅಂದ್ರು. ಕಹಿ ನೀರಿಗೆ. ನನ್ನನ್ನ ಎದುರಿಗೆ ನಿಲ್ಲಿಸ್ಕೊಂಡು."

"ಅವರ ಮೇಲಿನ ಸಿಟ್ಟು ಸರಿ. ಇವಳ ತಲೆಗೆ ಕಟ್ಟಿದ್ದು?"

"ಕೈಗುಣ ಇರೋಳಲ್ವಾ. ಅನುಭವಿಸಲಿ ಅಂತ." ಆ ಮಾತು ಹೇಳುವಾಗ ಮಾತ್ರ ದನಿಯಲ್ಲಿ ಅಳು ಇರಲಿಲ್ಲ. "ಕುಕ್ಕರ್ ಕೂಗಿದಾಗಲೇ ನನಗೆ ಗೊತ್ತಾಯ್ತು, ಎಲ್ಲರೂ ಅದನ್ನೇ ನಂಬ್ತಾರೆ ಅಂತ. ಜೇನಿನ ಸುಳಿವೇ ಇರಬಾರದು ಅಂತ ಅಡುಗೆಮನೆ ಬಾಟ್ಲಿ ಚೆಲ್ಲಿ, ಫ್ಲಾಸ್ಕ್ ತೊಳೆದಿಟ್ಟೆ. ವಿಷ ಹಾಕಿದ್ದು ದೇವರ ಜೇನಿಗೆ, ಅಭಿಷೇಕಕ್ಕೆ ಇಡ್ತೀವಲ್ಲ, ಆ ಬಾಟ್ಲಿಗೆ. ಅಷ್ಟರಲ್ಲಿ ಮನೆ ತುಂಬ ಪೊಲೀಸರು, ಅದನ್ನ ಎಸೆಯೋಕೆ ಆಗ್ಲಿಲ್ಲ. ದೇವರ ಗೂಡಿನಲ್ಲೇ ಇಟ್ಟು ಪಂಚೆ ಮುಚ್ಚಿದೆ. ಮೈಲಿಗೇಲಿ ಯಾರೂ ಮುಟ್ಟಲ್ಲ. ಅದು ಹ್ಯಾಗೆ ಹೋಯ್ತು ಬ್ಯಾಗಿಗೆ? ಹೇಳೇ ಅವನಿಗೆ, ನಿನ್ನ ದಮ್ಮಯ್ಯ."

ಹರಿಣಾಕ್ಷಿಯ ಹೆಗಲಚೀಲದಲ್ಲಿ ರೆಕಾರ್ಡರ್ ಓಡುತ್ತಲೇ ಇತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಭಾನುವಾರ ಆಶಿತಾ ಸಹಿ ಹಾಕಬೇಕಾಗಿಲ್ಲ. ಹರಿಣಾಕ್ಷಿ ಸಾವಕಾಶವಾಗಿ ಬಗ್ಗಿ, ನೆಲದಲ್ಲಿ ಬಿದ್ದಿದ್ದ ಸರಸ್ವತಮ್ಮನ ಮುಖದ ಹತ್ತಿರ ಮುಖ ತಂದಳು.

"ಎಲ್ಲಿಗೂ ಹೋಗಿಲ್ಲ, ಅಮ್ಮ. ಬ್ಯಾಗಿನಲ್ಲಿ ಜೇನೂ ಇಲ್ಲ, ಗೀನೂ ಇಲ್ಲ. ನಾನು ಸುಳ್ಳು ಹೇಳಿದೆ. ನಿಮ್ಮ ಬಾಯಿ ಬಿಡಿಸಲಿಕ್ಕೆ."

ಸರಸ್ವತಮ್ಮ ಫೋನಿನತ್ತ ಚಾಚಿದ್ದ ಕೈ ಕೆಳಗಿಳಿಸಿದರು. ಅಯ್ಯೋ ಎಂದು ಅಲ್ಲೇ ಹಣೆ ನೆಲಕ್ಕೆ ತಾಗಿಸಿದರು. ಅದು ಸಿಕ್ಕಿಬಿದ್ದ ದುಃಖವೋ, ಮೊಮ್ಮಗಳು ಉಳಿದಳು ಎಂಬ ನೆಮ್ಮದಿಯೋ ತಿಳಿಯಲಿಲ್ಲ.

"ನಾನು ಮುಟ್ಟಿದೆ," ಅಂದಳು ಆಶಿತಾ.

ಹರಿಣಾಕ್ಷಿ ತಿರುಗಿ ನೋಡಿದಳು.

"ದೇವರ ಗೂಡು. ನಾನು ಮುಟ್ಟಿದೆ." ಆಶಿತಾಳ ಮಾತು ತುಂಡುತುಂಡಾಗಿ ಬರುತ್ತಿತ್ತು. "ಮಂಗಳವಾರ ಬ್ಯಾಗ್ ತುಂಬಿಸುವಾಗ ಅವಳಿಗೆ ಕೆಮ್ಮಿತ್ತು. ಅಡುಗೆಮನೇಲಿ ಜೇನಿರಲಿಲ್ಲ. ಅತ್ತೆ ಸ್ನಾನಕ್ಕೆ ಹೋಗಿದ್ರು. ದೇವರ ಜೇನನ್ನ ಒಂದು ಡಬ್ಬಿಗೆ ಬಗ್ಗಿಸಿ ಅವಳ ಬ್ಯಾಗಿಗೆ ಹಾಕಿದೆ. ಅವಳಪ್ಪಂಗೆ ಹೇಳೋಣ ಅಂದ್ರೆ ನನ್ನ ಜೊತೆ ಮಾತೇ ಆಡಲಿಲ್ಲ. ನೀವು ಜೇನು ಅಂದಾಗ, ನಾನಿಟ್ಟಿದ್ದು ನಿಮಗೆ ಹ್ಯಾಗೆ ಗೊತ್ತಾಯ್ತು ಅಂತ ಕೇಳೋಕೆ ಬಂದೆ. ಆಮೇಲೆ ಅತ್ತೆ ಹೇಳಿದ್ದು ಕೇಳಿ... ನೀವು ಸುಮ್ಮನಿರು ಅಂದ್ರಿ ಮೇಡಂ. ಎರಡು ಸಲ ಬಾಯಿ ಮುಚ್ಚಿಸಿದ್ರಿ."

ತಂದೆಯ ದ್ವೇಷ ಎರಡು ದಿನ ಆ ಮಗುವನ್ನು ಕಾಪಾಡಿತ್ತು. ಡಬ್ಬಿ ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದವಳು ಹರಿಣಾಕ್ಷಿ. ಎಷ್ಟು ಚಮಚ ಎಂದೂ ಹೇಳಿದವಳು ಅವಳೇ.

ಎದೆಗೆ ಒತ್ತಿಕೊಂಡಿದ್ದ ಫೋನನ್ನು ಮುಂದೆ ಹಿಡಿದಳು. ಕರೆ ಶುರುವಾಗಿ ಆರು ನಿಮಿಷ ನಲವತ್ತು ಸೆಕೆಂಡ್ ಎಂದು ತೋರಿಸುತ್ತಿತ್ತು. ಮೈಕಿನ ಗುರುತು ಒತ್ತಲು ಹೋದರೆ ಬೆವರಿದ ಬೆರಳು ಜಾರಿತು. ಎರಡನೆಯ ಸಲವೂ ಜಾರಿತು. ಆಶಿತಾ ಫೋನ್ ಕಿತ್ತುಕೊಂಡು, ಗಂಡನ ಹೆಸರು ಹಿಡಿದು ಕೂಗಿದಳು. ಮೈಕ್ ಇನ್ನೂ ಬಂದ್ ಆಗಿಯೇ ಇತ್ತು.

ಆ ಕಡೆಯಿಂದ ತೇಜಸ್ವಿಯ ದನಿ ಬಂತು, ಆಗಿನದಕ್ಕಿಂತ ಮೆತ್ತಗೆ.

"ಹಲೋ ಮೇಡಂ, ಇದೀರಾ? ಸಿಕ್ತು, ಕೊಟ್ಟೆ. ಚಮಚ ಹುಡುಕೋದ್ರಲ್ಲಿ ಹೊತ್ತಾಯ್ತು. ಎರಡು ಸಾಕಲ್ವಾ? ಸಿಹಿಯಾಗಿದೆ ಅಂತ ಇನ್ನೊಂದು ಕೇಳ್ತಿದ್ದಾಳೆ."

ಅವನ ಹಿಂದಿನಿಂದ ಮಾನ್ಯಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಹೊಸ ಆಟ ಸಿಕ್ಕಿದವಳ ಹಾಗೆ ನಗುತ್ತಿದ್ದಳು.

"ಪಪ್ಪಾ, ಮೈ ಲಿಪ್ಸ್ ಆರ್ ಟಿಕ್ಲಿಂಗ್."